ಪದಚರ್ಚೆ: ಗೊಂಬೆಯಿಂದ ಬಂದ ಚಿತ್ರ ‘ರೂಪಾಂತರ’ವೇ?

ಪ್ರಶ್ನೆ

ಕಾದಂಬರಿಯೊಂದು ಚಿತ್ರವಾದಾಗ ‘ರೂಪಾಂತರ’ ಎನ್ನುತ್ತೇವೆ, ‘ಕಾದಂಬರಿ ಆಧಾರಿತ’ ಎಂದೂ ಬರೆಯುತ್ತೇವೆ. ಈಗ ವಿಡಿಯೋ ಗೇಮ್, ಬೋರ್ಡ್ ಮೇಲೆ ಆಡುವ ಆಟ, ಗೊಂಬೆ, ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆ ಎಲ್ಲವೂ ಚಿತ್ರಗಳಾಗುತ್ತಿವೆ. ನಾವು ಬಳಸುವ ಪದ ಮಾತ್ರ ಹಳೆಯದೇ. ಇದರಲ್ಲಿ ಮೂರು ತೊಡಕುಗಳಿವೆ.

‘ಬಾರ್ಬಿ’ (2023) ಚಿತ್ರವನ್ನು ‘ಗೊಂಬೆಯ ರೂಪಾಂತರ’ ಎಂದರೆ ಗೊಂಬೆಯೇ ಇನ್ನೇನೋ ಆಗಿ ಮಾರ್ಪಟ್ಟಂತೆ ಕೇಳಿಸುತ್ತದೆ. ‘ಆಟ ಆಧಾರಿತ ಚಿತ್ರ’ ಎಂದರೆ ಓದುವವರ ಮನಸ್ಸಿಗೆ ಮೊದಲು ಬರುವುದು ಕ್ರಿಕೆಟ್ಟೋ ಕುಸ್ತಿಯೋ. ಇನ್ನು ‘ಇಂಥ ಚಿತ್ರಗಳು ಅರ್ಥಪೂರ್ಣ ಕತೆ ಹೇಳಬಲ್ಲವೇ?’ ಎಂಬ ವಾಕ್ಯ. ಇಲ್ಲಿ ‘ಅರ್ಥಪೂರ್ಣ’ ಕೇಳುತ್ತಿರುವುದು ಏನನ್ನು? ಕತೆ ತಲೆಗೆ ಹತ್ತುತ್ತದೆಯೇ ಎಂದೋ, ಅದಕ್ಕೊಂದು ತೂಕವಿದೆಯೇ ಎಂದೋ? ಪರ್ಯಾಯ ಪದಗಳ ಪಟ್ಟಿಗಿಂತ ಯಾವ ಪದ ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತಿಳಿಸಿದರೆ ಉಪಕಾರ.

ಉತ್ತರ

ಎರಡನೆಯ ತೊಡಕನ್ನು ಮೊದಲು ಬಿಡಿಸೋಣ, ಉಳಿದೆರಡರ ಬೇರೂ ಅಲ್ಲೇ ಇದೆ. ಓಡು–ಓಟ, ಕೂಡು–ಕೂಟ, ನೋಡು–ನೋಟ ಇದ್ದ ಹಾಗೆ ಆಡು–ಆಟ. ಈ ‘ಆಡು’ವಿನ ಹರವು ದೊಡ್ಡದು: ಮಕ್ಕಳು ಆಡುತ್ತಾರೆ, ಮಾತನ್ನೂ ಆಡುತ್ತೇವೆ, ಉಸಿರೂ ಆಡುತ್ತದೆ. ‘ಆಟ’ವೂ ಅಷ್ಟೇ ಅಗಲ. ನಿಯಮವಿರುವ ಪಂದ್ಯವೂ ಆಟ, ನಿಯಮವೇ ಇಲ್ಲದೆ ಮಗು ಮಣ್ಣಿನಲ್ಲಿ ಮಾಡುವುದೂ ಆಟ. ಬಯಲಾಟ, ಗೊಂಬೆಯಾಟಗಳಲ್ಲಿ ಅದು ಪ್ರದರ್ಶನ. ಚಿತ್ರಮಂದಿರದ ‘ಮೊದಲ ಆಟ’, ‘ರಾತ್ರಿ ಆಟ’ಗಳಲ್ಲಿ ಸಿನಿಮಾ ಪ್ರದರ್ಶನವೇ ಆಟ. ಹೀಗಿರುವಾಗ ‘ಆಟದ ಚಿತ್ರ’ ಎಂದರೆ ಓದುಗರು ತಬ್ಬಿಬ್ಬಾಗದೆ ಇನ್ನೇನು?

ಆಡುಮಾತು ಈ ಗಂಟನ್ನು ಆಗಲೇ ಬಿಡಿಸಿಕೊಂಡಿದೆ. ‘ಮಗು ಆಟ ಆಡ್ತಿದೆ’ ಎಂದರೆ ಅಂಗಳದಲ್ಲಿ, ‘ಗೇಮ್ ಆಡ್ತಿದೆ’ ಎಂದರೆ ಪರದೆಯ ಮುಂದೆ. ಆದ್ದರಿಂದ ವಿಡಿಯೋ ಗೇಮಿಗೆ ‘ಗೇಮ್’ ಎಂದೇ ಬರೆಯಿರಿ. ಅದಕ್ಕೊಂದು ಸಂಸ್ಕೃತ ಸಮಾಸ ಕಟ್ಟಿದರೆ ಯಾರೂ ಬಳಸುವುದಿಲ್ಲ. ಬೋರ್ಡ್ ಮೇಲಿನದಕ್ಕೆ ‘ಮಣೆಯಾಟ’ ಸೊಗಸಾಗಿ ಒದಗುತ್ತದೆ. ಆಡಲು ಬಳಸುವ ವಸ್ತುವೆಲ್ಲ ‘ಆಟಿಕೆ’. ಅದಕ್ಕೆ ಮುಖ, ಕೈಕಾಲು ಇದ್ದರೆ ‘ಗೊಂಬೆ’. ಲೆಗೊ ಇಟ್ಟಿಗೆ ಆಟಿಕೆ, ಅದರ ಜೊತೆಗೆ ಬರುವ ಪುಟ್ಟ ಮನುಷ್ಯಾಕೃತಿ ಗೊಂಬೆ. ‘ಗೊಂಬೆ ಚಿತ್ರ’ ಎಂದು ಮೊಟಕು ಮಾಡುವುದು ಬೇಡ, ಗೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಅಲುಗಿಸಿ ತೆಗೆಯುವ ಚಿತ್ರ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ.

ಈಗ ‘ರೂಪಾಂತರ’. ಆ ಪದದೊಳಗೆ ಒಂದು ಷರತ್ತು ಅಡಗಿದೆ: ಮೊದಲೇ ಒಂದು ಕಥಾರೂಪ ಇರಬೇಕು, ಅದು ಬೇರೆ ರೂಪಕ್ಕೆ ದಾಟಬೇಕು. ಕತೆಯುಳ್ಳ ಗೇಮ್‌ಗಳಿಗೆ ಇದು ಸರಿಹೋಗುತ್ತದೆ. ‘ದ ಲಾಸ್ಟ್ ಆಫ್ ಅಸ್’ 2013ರ ಗೇಮ್, 2023ರಲ್ಲಿ ಟಿವಿ ಸರಣಿಯಾಯಿತು. ಗೇಮಿನಲ್ಲಿ ಬಿಲ್ ಎಂಬವನ ಊರಿಗೆ ಹೋದಾಗ ಅವನ ಸಂಗಾತಿ ಫ್ರಾಂಕ್ ಆಗಲೇ ನೇಣು ಹಾಕಿಕೊಂಡು ಸತ್ತಿರುತ್ತಾನೆ, ಕಹಿ ತುಂಬಿದ ಒಂದು ಚೀಟಿ ಮಾತ್ರ ಸಿಗುತ್ತದೆ. ಸರಣಿಯ ಮೂರನೆಯ ಕಂತು ಅದೇ ಇಬ್ಬರನ್ನು ತೆಗೆದುಕೊಂಡು ವರ್ಷಗಟ್ಟಲೆ ಕೂಡಿ ಬಾಳಿದ ಸಂಸಾರವನ್ನು ತೋರಿಸುತ್ತದೆ. ಮೂಲದಲ್ಲಿ ಬೀಜವಿತ್ತು, ಅದು ಬೇರೆ ಗಿಡವಾಯಿತು. ಇದು ನಿಜವಾದ ರೂಪಾಂತರ.

ಆದರೆ ಇಲ್ಲೂ ಒಂದು ಸೋರಿಕೆಯಿದೆ, ಮೇಲೆ ಹೇಳಿದ ಧಾತುಜೋಡಿಯಿಂದಲೇ ಅದನ್ನು ಹೇಳಬಹುದು: ‘ಆಟ’ ‘ನೋಟ’ವಾಗುತ್ತದೆ. ಗೇಮಿನ ಕೊನೆಯ ಭಾಗದಲ್ಲಿ ಆಸ್ಪತ್ರೆಯ ಶಸ್ತ್ರವೈದ್ಯನನ್ನು ಕೊಲ್ಲದೆ ಗೇಮ್ ಮುಂದಕ್ಕೆ ಹೋಗುವುದಿಲ್ಲ. ಬಟನ್ ಒತ್ತುವ ಬೆರಳು ಆಡುವವರದ್ದೇ, ಆದ್ದರಿಂದ ಪಾಪದಲ್ಲಿ ಪಾಲೂ ಅವರದ್ದೇ. ಸರಣಿಯಲ್ಲಿ ನಾವು ಅದನ್ನು ನೋಡುತ್ತೇವೆ, ಮಾಡುವುದಿಲ್ಲ. ಗೇಮನ್ನು ಚಿತ್ರ ಮಾಡುವವರು ಎಡವುವುದು ಹೆಚ್ಚಾಗಿ ಈ ಜಾಗದಲ್ಲೇ. ಘಟನೆಗಳನ್ನು ಒಂದೂ ಬಿಡದೆ ತರುತ್ತಾರೆ, ಘಟನೆಗೆ ಭಾರ ಕೊಟ್ಟಿದ್ದ ಬೆರಳನ್ನು ಬಿಟ್ಟು ಬರುತ್ತಾರೆ. ಆ ಭಾರವನ್ನು ಬೇರೆ ಕಡೆಯಿಂದ ತುಂಬಿಕೊಡಬೇಕು. ಆಡುವವರ ಕೈಗೆ ಎಂದೂ ಸಿಗದ ಪಾತ್ರದ ಕಡೆ ತಿರುಗುವುದು ಒಂದು ದಾರಿ, ಬಿಲ್–ಫ್ರಾಂಕ್ ಕಂತು ಮಾಡಿದ್ದು ಅದನ್ನೇ.

1993ರ ‘ಸೂಪರ್ ಮಾರಿಯೋ ಬ್ರದರ್ಸ್’ ಇದರ ತಿರುವುಮುರುವು. ಗೇಮಿನಲ್ಲಿ ಕತೆ ಎಂಬುದು ನೆಗೆಯಲು ಒಂದು ನೆಪ. ಸುಖವೆಲ್ಲ ನೆಗೆತದ ಲೆಕ್ಕಾಚಾರದಲ್ಲಿ. ಚಿತ್ರ ಆ ನೆಪವನ್ನು ಗಂಭೀರವಾಗಿ ಹಿಡಿದು ಡೈನೋಸಾರ್ ಸಂತತಿಯ ಕತ್ತಲ ನಗರವೊಂದನ್ನು ಕಟ್ಟಿತು, ನೆಗೆತವನ್ನು ಮರೆಯಿತು. ಹೆಸರು ಉಳಿಯಿತು, ಆಟ ಹೋಯಿತು.

ಮಣೆಯಾಟಕ್ಕೆ ಬಂದರೆ ‘ರೂಪಾಂತರ’ ಸಡಿಲವಾಗುತ್ತದೆ, ‘ಅಳವಡಿಕೆ’ ಬಿಗಿಯಾಗಿ ಕೂರುತ್ತದೆ. ಅಳವು ಎಂದರೆ ಅಳತೆ, ಶಕ್ತಿ. ಅಳವಡು ಎಂದರೆ ಅಳತೆಗೆ ಒಗ್ಗು, ಹೊಂದು. ಮಣೆಯಾಟದಲ್ಲಿ ಒಗ್ಗಿಸಬೇಕಾದದ್ದು ನಿಯಮವನ್ನು. ಕೊಲೆ ಮಾಡಿದವರು ಯಾರು, ಯಾವ ಆಯುಧದಿಂದ, ಯಾವ ಕೋಣೆಯಲ್ಲಿ ಎಂದು ಪತ್ತೆ ಹಚ್ಚುವ ‘ಕ್ಲೂ’ ಆಟವನ್ನೇ ನೋಡಿ. ಶಂಕಿತರು 6, ಆಯುಧ 6, ಕೋಣೆ 9. ಕೊಲೆಗೆ 324 ಉತ್ತರಗಳು ಸಾಧ್ಯ, ಪ್ರತಿ ಸಲ ಬೇರೆ. 1985ರ ಚಿತ್ರ ಈ ಗುಣವನ್ನು ಹಿಡಿಯಲು ಮೂರು ಮುಕ್ತಾಯಗಳನ್ನು ಚಿತ್ರಿಸಿ, ಒಂದೊಂದು ಚಿತ್ರಮಂದಿರಕ್ಕೆ ಒಂದೊಂದನ್ನು ಕಳಿಸಿತು. ಉಪಾಯ ಜಾಣತನದ್ದು, ಫಲ ಅಷ್ಟಕ್ಕಷ್ಟೇ: ಒಂದೇ ಮುಕ್ತಾಯ ನೋಡಿದವರಿಗೆ ಅದು ‘ಹೀಗೂ ಆಗಬಹುದಿತ್ತು’ ಎಂದು ತೋರಲು ಸಾಧ್ಯವೇ ಇಲ್ಲ. ಮನೆಯ ವಿಡಿಯೋದಲ್ಲಿ ಮೂರೂ ಒಂದರ ಹಿಂದೊಂದು ಬಂದಾಗ ಮಾತ್ರ ಆ ನಗೆ ಕೂಡಿಬಂತು. ಅಳವಡಿಕೆ ಸರಿಯಾಗಿತ್ತು, ಅಳತೆ ಹಿಡಿದದ್ದು ತಪ್ಪಾಗಿತ್ತು ಅನ್ನಬಹುದು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ದಾಳ ಎಸೆಯುತ್ತ ತಂಡವಾಗಿ ಸಾಹಸಕತೆ ಕಟ್ಟುವ 1974ರ ಆಟ) 2023ರ ಚಿತ್ರದಲ್ಲಿ ದಾಳ ಎಲ್ಲೂ ಉರುಳುವುದಿಲ್ಲ. ಆದರೆ ಪ್ರತಿ ಯೋಜನೆಯೂ ನಡುವಿನಲ್ಲಿ ಮುರಿದು, ತಂಡ ಕೈಗೆ ಸಿಕ್ಕಿದ್ದರಲ್ಲಿ ಇನ್ನೊಂದನ್ನು ಹೆಣೆಯುತ್ತದೆ. ಇಪ್ಪತ್ತು ಮುಖದ ದಾಳ ಎಸೆದು ಕಡಿಮೆ ಅಂಕ ಬಿದ್ದವರ ಪಾಡು ಅದೇ.

‘ಬ್ಯಾಟಲ್‌ಶಿಪ್’ (2012) ಬೇರೆ ಜಾತಿ. ಎದುರಾಳಿಯ ಹಡಗು ಎಲ್ಲಿದೆಯೆಂದು ಕಾಣದೆ 10×10 ಮನೆಗಳಲ್ಲಿ ಊಹಿಸುತ್ತ ಹೊಡೆಯುವುದೇ ಆಟದ ಜೀವ. ಚಿತ್ರದಲ್ಲಿ ಅದು ಬರುವುದು ಒಂದೇ ಪ್ರಸಂಗದಲ್ಲಿ, ರಾತ್ರಿ ಅಲೆ ಅಳೆಯಲು ಕಡಲಲ್ಲಿ ತೇಲಿಬಿಟ್ಟ ಸಾಧನಗಳ ಅಲುಗಾಟ ನೋಡಿ ಶತ್ರುವಿನ ಜಾಗ ಅಂದಾಜು ಮಾಡುವಾಗ. ಉಳಿದದ್ದು ಅನ್ಯಗ್ರಹದವರ ದಾಳಿ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. ಇಲ್ಲಿ ಲೆಕ್ಕಕ್ಕಿಲ್ಲದ್ದು ಆಟವೇ. ಇಂಥವಕ್ಕೆ ‘ಹೆಸರು ಬಳಸಿದ ಚಿತ್ರ’ ಎಂದರೆ ಸಾಕು, ‘ಆಧಾರಿತ’ ಎಂದರೆ ಸುಳ್ಳು. ಗುರುತಿಸಲು ಸುಲಭದ ಒರೆಗಲ್ಲು ಇದೆ: ಆಟಿಕೆಯ ಹೆಸರು ತೆಗೆದು ಬೇರೊಂದನ್ನು ಹಾಕಿ. ಕತೆ ಅಲುಗದೆ ನಿಂತರೆ ಹೆಸರು ಮಾತ್ರ ಬಳಕೆಯಾಗಿದೆ.

ಗೊಂಬೆ ಮತ್ತು ಇಟ್ಟಿಗೆಗಳ ಬಳಿ ಬಂದಾಗ ‘ರೂಪಾಂತರ’ ಪೂರ್ತಿ ಕುಸಿಯುತ್ತದೆ, ಏಕೆಂದರೆ ದಾಟಿಸಲು ಕತೆಯೇ ಇಲ್ಲ. ಸಂಸ್ಕೃತದ ‘ಪಾತ್ರ’ ಎಂದರೆ ತುಂಬಿಡುವ ಪಾತ್ರೆ. ಕನ್ನಡ ಅದನ್ನು ಎರಡಾಗಿ ಸೀಳಿ ‘ಪಾತ್ರೆ’ಯನ್ನು ಅಡುಗೆಮನೆಗೂ ‘ಪಾತ್ರ’ವನ್ನು ರಂಗಕ್ಕೂ ಕೊಟ್ಟಿದೆ. ಆಟಿಕೆಯಲ್ಲಿ ಎರಡೂ ಮತ್ತೆ ಒಂದಾಗುತ್ತವೆ. ಗೊಂಬೆ ಖಾಲಿ ಇರುವುದರಿಂದಲೇ ಅದು ಇಂದು ವೈದ್ಯೆ, ನಾಳೆ ಗಗನಯಾತ್ರಿ. ತುಂಬುವುದು ಮಗು, ಪ್ರತಿದಿನ ಬೇರೆಯದನ್ನು. ಚಿತ್ರ ಒಂದೇ ಸಲ ತುಂಬಿ ಮುಚ್ಚಳ ಬಿಗಿಯುತ್ತದೆ. ಸಾಧಾರಣ ತಪ್ಪೆಂದರೆ ಕಂಠಮಟ್ಟ ತುಂಬುವುದು: ಗೊಂಬೆಗೆ ವಂಶಾವಳಿ, ಕಳೆದುಹೋದ ತಂದೆ, ಲೋಕ ಉಳಿಸುವ ಕೀಲಿಕೈ. ಆಗ ನೋಡುವ ಮಗುವಿಗೆ ತನ್ನದನ್ನು ಹಾಕಲು ಜಾಗವೇ ಉಳಿಯುವುದಿಲ್ಲ.

ಗೆದ್ದ ಚಿತ್ರಗಳು ಆಟಿಕೆಯ ಚಹರೆಯನ್ನು ಬದಿಗಿಟ್ಟು ಅದರ ಬಳಕೆಯನ್ನೇ ಕಥಾವಸ್ತು ಮಾಡಿಕೊಂಡಿವೆ. 2014ರ ‘ದ ಲೆಗೊ ಮೂವಿ’ಯಲ್ಲಿ ಖಳನ ಮಹಾಸ್ತ್ರದ ಹೆಸರು ‘ಕ್ರ್ಯಾಗಲ್’. ಅದು ‘ಕ್ರೇಜಿ ಗ್ಲೂ’ ಎಂಬ ಹೆಸರಿನ ಕೆಲವು ಅಕ್ಷರಗಳು ಅಳಿಸಿಹೋದ ಅಂಟಿನ ಕೊಳವೆ. ಮಾದರಿಗಳನ್ನು ಶಾಶ್ವತವಾಗಿ ಅಂಟಿಸಬಯಸುವ ತಂದೆ, ಬಿಚ್ಚಿ ಮತ್ತೆ ಕಟ್ಟಬಯಸುವ ಮಗ, ಅವರಿಬ್ಬರ ಜಗಳವೇ ಕತೆ. ಕಚ್ಚಿಕೊಳ್ಳಬೇಕು, ಆದರೂ ಬಿಡಿಸಲು ಬರಬೇಕು ಎಂಬುದು ಆ ಇಟ್ಟಿಗೆಯ ಇಡೀ ತಂತ್ರ. ಅದರ ಈಗಿನ ರೂಪಕ್ಕೆ 1958ರಲ್ಲಿ ಪೇಟೆಂಟ್ ಅರ್ಜಿ ಬಿದ್ದದ್ದೂ ಆ ತಂತ್ರಕ್ಕೇ. ಇಟ್ಟಿಗೆಯ ಜಾಗದಲ್ಲಿ ಚೆಂಡನ್ನು ಇಟ್ಟು ನೋಡಿ, ಅಂಟಿಗೆ ಅರ್ಥವೇ ಇರುವುದಿಲ್ಲ. ಒರೆಗಲ್ಲಿನಲ್ಲಿ ಇದು ಪಾಸು.

‘ಬಾರ್ಬಿ’ಯೂ ಹಾಗೆಯೇ. 1959ರಲ್ಲಿ ಗೊಂಬೆಯನ್ನು ಮಾರುಕಟ್ಟೆಗೆ ತಂದ ರೂತ್ ಹ್ಯಾಂಡ್ಲರ್ ಅವರೇ ಚಿತ್ರದಲ್ಲೊಂದು ಪಾತ್ರ. ‘ನನ್ನನ್ನು ಯಾತಕ್ಕೆ ಮಾಡಿದರು’ ಎಂಬುದು ಗೊಂಬೆ ಮಾತ್ರ ಅಕ್ಷರಶಃ ಕೇಳಬಹುದಾದ ಪ್ರಶ್ನೆ. ಕೊನೆಗೆ ಗೊಂಬೆ ಮನುಷ್ಯಳಾಗುತ್ತಾಳೆ. ತಮಾಷೆ ನೋಡಿ, ಪ್ರಶ್ನೆ ಕೇಳಿದವರು ಅಂಜಿದ್ದ ‘ಗೊಂಬೆಯ ರೂಪಾಂತರ’ ಚಿತ್ರದ ಕತೆಗೆ ಸರಿಯಾದ ವರ್ಣನೆ, ಚಿತ್ರ ಮಾಡಿದ ಕ್ರಿಯೆಗೆ ತಪ್ಪು ವರ್ಣನೆ. ಆ ಕ್ರಿಯೆಗೆ ನನ್ನ ಸೂಚನೆ ‘ಕತೆ ತೊಡಿಸು’. ಗೊಂಬೆಗೆ ಬಟ್ಟೆ ತೊಡಿಸಿದಂತೆ: ಹೊಂದಬಹುದು, ದೊಗಳೆಯಾಗಬಹುದು, ಬಿಗಿದು ಹರಿಯಲೂಬಹುದು.

ಇನ್ನು ‘ಅರ್ಥಪೂರ್ಣ’. ಕನ್ನಡದಲ್ಲಿ ‘ಅರ್ಥ’ ಹಣವೂ ಹೌದು, ತಿಳಿವೂ ಹೌದು, ಈ ಚಿತ್ರಗಳ ವಿಷಯದಲ್ಲಿ ಆ ಶ್ಲೇಷೆ ತಪ್ಪಿಸಿಕೊಳ್ಳಲಾಗದ್ದು. ವಾಹನವಾಗಿ ಮಾರ್ಪಡುವ ರೋಬೋಟ್ ಗೊಂಬೆಗಳಿಂದ ಬಂದ 1986ರ ‘ಟ್ರಾನ್ಸ್‌ಫಾರ್ಮರ್ಸ್’ ಕಾರ್ಟೂನ್ ಚಿತ್ರದಲ್ಲಿ ನಾಯಕ ಆಪ್ಟಿಮಸ್ ಪ್ರೈಮ್ ಸಾಯುತ್ತಾನೆ. ಕಾರಣ ಸಾಹಿತ್ಯದ್ದಲ್ಲ: ಹಳೆಯ ಗೊಂಬೆಗಳನ್ನು ಕಪಾಟಿನಿಂದ ಇಳಿಸಿ ಹೊಸ ಸಾಲನ್ನು ಏರಿಸಬೇಕಿತ್ತು. ಮಕ್ಕಳಿಗೆ ಕಪಾಟಿನ ಲೆಕ್ಕ ಗೊತ್ತಿರಲಿಲ್ಲ, ಸಾವು ಮಾತ್ರ ಗೊತ್ತಾಯಿತು. ಆಕ್ಷೇಪ ಎಷ್ಟಾಯಿತೆಂದರೆ ಮರುವರ್ಷ ಟಿವಿ ಸರಣಿಯಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಒಂದು ಅರ್ಥಕ್ಕಾಗಿ ಮಾಡಿದ್ದು ಇನ್ನೊಂದು ಅರ್ಥವನ್ನು ಹುಟ್ಟಿಸಿತು.

ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಬಳಕೆ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ಪದ್ಯ ಮೊದಲೇ ಇರುತ್ತದೆ, ‘ಅರ್ಥ ಹೇಳುವುದು’ ಅರ್ಥಧಾರಿಯ ಸ್ವಂತ ಕೆಲಸ. ಅರ್ಥ ಪದ್ಯದಿಂದ ಹೊರಡಬೇಕು, ಪದ್ಯದಲ್ಲೇ ಮುಗಿಯಬೇಕಿಲ್ಲ. ‘ಆಟಿಕೆಯಲ್ಲಿ ಅರ್ಥ ಇದೆಯೇ’ ಎಂದು ಕೇಳಿದರೆ ಉತ್ತರ ಯಾವಾಗಲೂ ಇಲ್ಲ. ‘ಆಟಿಕೆಗೆ ಅರ್ಥ ಹೇಳಬಲ್ಲವರಿದ್ದಾರೆಯೇ’ ಎಂದು ಕೇಳಿದರೆ ಚಿತ್ರಕ್ಕೊಂದು ಉತ್ತರ ಸಿಗುತ್ತದೆ.

ಇನ್ನೊಂದು ಉತ್ತರ

ಮೇಲಿನ ವಿಂಗಡಣೆ ಒಪ್ಪುವಂಥದ್ದು, ಪದಗಳ ಬಗ್ಗೆ ಎರಡು ತಕರಾರು.

‘ರೂಪಾಂತರ’ವನ್ನು ಅಷ್ಟು ಬಿಗಿ ಹಿಡಿಯಬೇಕಿಲ್ಲ. ರಂಗಭೂಮಿಯಲ್ಲಿ ಊರು, ಕಾಲ, ಪಾತ್ರಗಳ ಹೆಸರು ಎಲ್ಲ ಬದಲಾದರೂ ರೂಪಾಂತರ ಎಂದೇ ಕರೆಯುವ ರೂಢಿಯಿದೆ. ಮುಖ್ಯವಾಗಿ, ಬರೆಯುವವರಿಗೆ ಚಿತ್ರ ನೋಡುವ ಮೊದಲೇ ಸುದ್ದಿಯಲ್ಲಿ ಹಾಕಲು ಒಂದು ಪದ ಬೇಕು. ಅದು ರೂಪಾಂತರವೋ ಅಳವಡಿಕೆಯೋ ಬರೀ ಹೆಸರೋ ಎಂದು ತೀರ್ಪು ಕೊಡುವುದು ವಿಮರ್ಶೆಯ ಕೆಲಸ, ಘೋಷಣೆಯ ದಿನದ್ದಲ್ಲ. ಅದಕ್ಕೆ ‘ಮೂಲದ’ ಒದಗುತ್ತದೆ: ‘ಗೇಮ್ ಮೂಲದ ಚಿತ್ರ’, ‘ಆಟಿಕೆ ಮೂಲದ ಚಿತ್ರ’. ಎಲ್ಲಿಂದ ಬಂತು ಎಂದಷ್ಟೇ ಹೇಳುತ್ತದೆ, ಏನಾಯಿತು ಎಂದು ಹೇಳುವುದಿಲ್ಲ. ‘ಆಧಾರಿತ’ದಲ್ಲಿ ಆಧಾರ ಗಟ್ಟಿಯಾಗಿದೆ ಎಂಬ ಭರವಸೆ ಬೆರೆತಿದೆ; ಅದನ್ನು ‘ಆಧೃತ’ ಎಂದು ತಿದ್ದುವವರೂ ಇದ್ದಾರೆ, ಆ ಜಗಳವೂ ಇದರಿಂದ ತಪ್ಪುತ್ತದೆ.

‘ಕತೆ ತೊಡಿಸು’ ಕ್ರಿಯಾಪದವಾಗಿ ಚೆಂದ, ನಾಮಪದವಾಗಿ ನಡೆಯದು. ‘ಕತೆತೊಡಿಕೆ’ ಎಂದು ಯಾರೂ ಬರೆಯಲಾರರು. ವಾಕ್ಯದಲ್ಲಿ ಬಳಸಿ, ಶೀರ್ಷಿಕೆಗೆ ತರಬೇಡಿ.

‘ಅರ್ಥಪೂರ್ಣ’ಕ್ಕೆ ಬದಲು ‘ಹುರುಳು’ ಎಂದರೆ ಪ್ರಶ್ನೆ ಕೇಳಿದವರ ಸಂದೇಹ ನೇರವಾಗಿ ಮುಗಿಯುತ್ತದೆ. ‘ಕತೆ ಅರ್ಥವಾಯಿತು, ಹುರುಳಿರಲಿಲ್ಲ’ ಎಂಬ ವಾಕ್ಯ ಸಹಜವಾಗಿದೆ. ಅದನ್ನೇ ‘ಅರ್ಥವಾಯಿತು, ಅರ್ಥಪೂರ್ಣವಾಗಿರಲಿಲ್ಲ’ ಎಂದರೆ ನಾಲಗೆ ತೊಡರುತ್ತದೆ.

ಆಡುವವರನ್ನು ‘ಆಟಗಾರ’ ಎಂದು ಬರೆಯುವುದನ್ನೂ ಕೈಬಿಡಬೇಕು, ಮೈದಾನದ ನೆನಪಾಗುತ್ತದೆ. ‘ಆಡುಗ’ ಎಂದರೆ ‘ನೋಡುಗ’ನ ಜೋಡಿಯಾಗಿ ನಿಲ್ಲುತ್ತದೆ, ಬಹುವಚನವೂ ಸಲೀಸು. ಬಳಸಿ ನೋಡಲು ಎರಡು ವಾಕ್ಯ: ‘ಗೇಮ್ ಮೂಲದ ಈ ಚಿತ್ರ ಆಡುಗರನ್ನು ನೋಡುಗರನ್ನಾಗಿ ಮಾಡಿದೆ, ಕಳೆದದ್ದನ್ನು ತುಂಬಿಕೊಟ್ಟಿಲ್ಲ.’ ‘ಆಟಿಕೆ ಮೂಲದ ಈ ಚಿತ್ರದಲ್ಲಿ ಗೊಂಬೆಗೆ ತೊಡಿಸಿದ ಕತೆ ದೊಗಳೆ, ಆದರೆ ನೇಯ್ಗೆಯಲ್ಲಿ ಹುರುಳಿದೆ.’