ಲೆಸ್ಟರ್ ಬಿಟ್ಟು ಕೆನಡಾಕ್ಕೆ ಹೋಗುವುದೇ? ಅಮ್ಮನ ವೀಸಾ, ಮಗಳ ಶಾಲೆ, ನನ್ನ ವಯಸ್ಸು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನು ತೀರ್ಥಹಳ್ಳಿ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ 2014ರಲ್ಲಿ ಇಂಗ್ಲೆಂಡಿಗೆ ಬಂದೆ. ಈಗ ಲೆಸ್ಟರ್‌ನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ನರ್ಸ್. ನನಗೆ 39, ಬರುವ ಮಾರ್ಚ್‌ಗೆ ನಲವತ್ತು ತುಂಬುತ್ತದೆ. ನಮ್ಮವರಿಗೆ 43, ಒಂದು ಗೋದಾಮಿನ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಮಗಳಿಗೆ ಈ ಅಕ್ಟೋಬರ್‌ನಲ್ಲಿ 14 ತುಂಬಿತು, ಮಗನಿಗೆ 8. ನನಗೂ ಮಕ್ಕಳಿಗೂ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ನಮ್ಮವರು ಮಾತ್ರ ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಸಾಗರದ ಕಡೆ ಅವರ ಪಾಲಿಗೆ ಬರಬೇಕಾದ ತೋಟವಿದೆ, ಅದು ಕೈತಪ್ಪೀತು ಎಂಬ ಭಯ. ಹಾಗಾಗಿ ಇಲ್ಲಿನ ಕಾಯಂ ವಾಸದ ಪರವಾನಗಿಯಲ್ಲೇ ಇದ್ದಾರೆ.

ಅವರ ಅಣ್ಣ ಕೆನಡಾದಲ್ಲಿ, ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿದ್ದಾರೆ. ಪ್ರತಿ ಭಾನುವಾರ ಫೋನ್ ಮಾಡಿ, "ಬೇಸ್‌ಮೆಂಟ್ ಖಾಲಿ ಇದೆ, ಒಂದು ವರ್ಷ ಬಾಡಿಗೆ ಕೊಡಬೇಡಿ, ಬನ್ನಿ" ಎನ್ನುತ್ತಾರೆ. ಭಾವನವರು ಒಳ್ಳೆಯವರು. ಆದರೆ ಅವರು ಲೆಕ್ಕ ಹೇಳುವಾಗ ಕೂಡುವುದನ್ನು ಮಾತ್ರ ಹೇಳುತ್ತಾರೆ, ಕಳೆಯುವುದನ್ನು ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ ನಮಗೆ ಇಲ್ಲಿ ಕಷ್ಟವೇನಿಲ್ಲ. ಮನೆ ಚಿಕ್ಕದು, ಮಕ್ಕಳಿಬ್ಬರೂ ಒಂದೇ ಕೋಣೆಯಲ್ಲಿ ಜಗಳವಾಡುತ್ತಾರೆ, ಅಷ್ಟೆ. ನನ್ನ ಮನಸ್ಸು ಅಲ್ಲಾಡುತ್ತಿರುವುದು ಅಮ್ಮನ ಕಾರಣಕ್ಕೆ. ನಾನು ಒಬ್ಬಳೇ ಮಗಳು. ಅಪ್ಪ ಹೋಗಿ ಆರು ವರ್ಷವಾಯಿತು. ಅಮ್ಮನಿಗೆ 71, ಸಕ್ಕರೆ ಕಾಯಿಲೆ ಇದೆ, ತೋಟದ ಮನೆಯಲ್ಲಿ ಒಬ್ಬಳೇ. 2023ರ ನವೆಂಬರ್‌ನಲ್ಲಿ ಅಡಿಕೆ ತೋಟವನ್ನು ಚೇಣಿಗೆ (ಆ ವರ್ಷದ ಫಸಲಿನ ಗುತ್ತಿಗೆಗೆ) ಕೊಟ್ಟು ಇಲ್ಲಿಗೆ ಬಂದಿದ್ದಳು. ಬೆಲ್‌ಗ್ರೇವ್ ರಸ್ತೆಯಲ್ಲಿ ವೀಳ್ಯದೆಲೆ ಸಿಕ್ಕಿದ ದಿನ ಒಮ್ಮೆ ನಕ್ಕಿದ್ದು ಬಿಟ್ಟರೆ, ಡಿಸೆಂಬರ್ ಪೂರ್ತಿ ಕಿಟಕಿಯ ಹತ್ತಿರ ಕುಳಿತು ನಾಲ್ಕು ಗಂಟೆಗೆ, "ಇಷ್ಟು ಬೇಗ ದೀಪ ಹಚ್ಚುವುದೇ?" ಎಂದು ಕೇಳುತ್ತಿದ್ದಳು. ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ತಂದೆ ತಾಯಿಯನ್ನು ಕಾಯಂ ಕರೆಸಿಕೊಳ್ಳುವ ದಾರಿಯನ್ನು 2012ರ ನಿಯಮಗಳು ಹೆಚ್ಚುಕಡಿಮೆ ಮುಚ್ಚಿಬಿಟ್ಟಿವೆ. ಕೆನಡಾದಲ್ಲಾದರೆ ತಂದೆ ತಾಯಿಯರನ್ನು ಕರೆಸಿಕೊಳ್ಳಲು ಸೂಪರ್ ವೀಸಾ ಇದೆ, ಒಮ್ಮೆ ಬಂದರೆ ಐದು ವರ್ಷ ಇರಬಹುದು.

ಕೆನಡಾ ಅಂಕಗಳ ಮೇಲೆ ವಲಸಿಗರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಗೆ ನಾನೇ ಮುಖ್ಯ ಅರ್ಜಿದಾರಳು. ಸಂಗಾತಿಯ ಜೊತೆ ಹೋಗುವವರಿಗೆ ವಯಸ್ಸಿನ ಅಂಕ 39ಕ್ಕೆ 50, 40ಕ್ಕೆ 45, 42ಕ್ಕೆ 25, 45ಕ್ಕೆ ಸೊನ್ನೆ. ಹುಟ್ಟುಹಬ್ಬ ಬಂದರೆ ಅಂಕ ಕಳೆದುಕೊಳ್ಳುವ ಪರೀಕ್ಷೆ ಇದೊಂದೇ ಇರಬೇಕು. ಹೋಗುವುದಾದರೆ ಮುಂದಿನ ಬೇಸಿಗೆಗೇ ಹೋಗಬೇಕು. ಬ್ರಿಟನ್ನಿನಿಂದ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಕಳೆಯುವ ಲೆಕ್ಕವನ್ನೂ ಹೇಳಿ.

ಮಿಸ್ಸಿಸ್ಸಾಗ ರಾಯ:

ತಂಗಿ, ನಾನು ಇಂಗ್ಲೆಂಡಿನ ಸ್ಲೌ ಬಿಟ್ಟು ಇಲ್ಲಿಗೆ ಬಂದು ಹನ್ನೊಂದು ವರ್ಷ. ಮನೆ ದೊಡ್ಡದಾಯಿತು, ಬಿಸಿಲು ಸಿಕ್ಕಿತು. ಟೊರಾಂಟೊ ಲಂಡನ್ನಿಗಿಂತ ಬಹಳ ದಕ್ಷಿಣದಲ್ಲಿದೆ, ಡಿಸೆಂಬರ್‌ನಲ್ಲೂ ಹಗಲು ಒಂದು ತಾಸು ಹೆಚ್ಚು. ನಿಮ್ಮ ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಇಲ್ಲಿನ ಪೂರ್ಣ ಲೈಸೆನ್ಸ್ ಪರೀಕ್ಷೆಯಿಲ್ಲದೆ ಕೊಡುತ್ತಾರೆ. ಆದರೆ ಬ್ರಾಂಪ್ಟನ್‌ನಲ್ಲಿ ಕಾರಿನ ವಿಮೆ ಎಷ್ಟು ಎಂದು ನಿಮ್ಮ ಭಾವನವರನ್ನು ಕೇಳಿ. ಇಡೀ ಆಂಟಾರಿಯೋ ಪ್ರಾಂತ್ಯದಲ್ಲೇ ದುಬಾರಿ ಊರುಗಳಲ್ಲಿ ಅದೊಂದು.

ನೀವು ಕೇಳಿದ್ದು ಸೂಪರ್ ವೀಸಾ, ಅದಕ್ಕೆ ಬರುತ್ತೇನೆ. ಐದು ವರ್ಷ ಇರಬಹುದು ಎನ್ನುವುದು 2022ರಿಂದ ನಿಜ. ಆದರೆ ಅವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಕಾರ್ಡ್ ಸಿಗುವುದಿಲ್ಲ. ಕನಿಷ್ಠ ಒಂದು ಲಕ್ಷ ಡಾಲರಿನ ಖಾಸಗಿ ವಿಮೆ ನೀವೇ ಮಾಡಿಸಬೇಕು.

ನಮ್ಮ ಅತ್ತೆ ಹುಬ್ಬಳ್ಳಿಯಿಂದ ಬಂದರು. ಮೂರನೆಯ ವಾರ ರಾತ್ರಿ ಎದೆನೋವು. ಎರಡು ದಿನ ಆಸ್ಪತ್ರೆಯಲ್ಲಿದ್ದರು, ದೇವರ ದಯೆ, ಏನೂ ಆಗಲಿಲ್ಲ. ಬಿಲ್ಲು ಹನ್ನೊಂದು ಸಾವಿರ ಡಾಲರ್. ವಿಮಾ ಕಂಪನಿಯವರು ಕಾಗದವೆಲ್ಲ ತರಿಸಿಕೊಂಡು, ಹೊರಡುವ ಎರಡು ತಿಂಗಳ ಮೊದಲು ಊರಿನ ಡಾಕ್ಟರು ಬಿ.ಪಿ. ಮಾತ್ರೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿದ್ದನ್ನು ಹಿಡಿದರು. ಹಳೆಯ ಕಾಯಿಲೆ ಆರು ತಿಂಗಳಿಂದ ಸ್ಥಿರವಾಗಿರಬೇಕು, ಔಷಧದ ಪ್ರಮಾಣ ಬದಲಾದರೆ ಸ್ಥಿರವಲ್ಲ ಎಂದು ಪಾಲಿಸಿಯ ಹದಿನಾಲ್ಕನೆಯ ಪುಟದಲ್ಲಿತ್ತು. ಒಂದು ಪೈಸೆ ಕೊಡಲಿಲ್ಲ. ಅರ್ಧ ಮಾತ್ರೆಯ ಬೆಲೆ ಅದು. ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಎಂದಿದ್ದೀರಿ, ಆ ಷರತ್ತನ್ನು ಓದದೆ ಸಹಿ ಹಾಕಬೇಡಿ.

ಇನ್ನು ರಜೆ. ನಿಮಗೆ ಅಲ್ಲಿ ಎಷ್ಟು ದಿನ ಸಿಗುತ್ತದೆ?

ತುಂಗಾತೀರ:

ರಾಯರೇ, ಅರ್ಧ ಮಾತ್ರೆಯ ಕಥೆ ಓದಿ ನಿದ್ದೆ ಬರಲಿಲ್ಲ. ಅಮ್ಮನ ಮಾತ್ರೆ ಪ್ರತಿ ಮಳೆಗಾಲಕ್ಕೆ ಬದಲಾಗುತ್ತದೆ.

ರಜೆ: ಹತ್ತು ವರ್ಷ ಕಳೆದದ್ದರಿಂದ ವರ್ಷಕ್ಕೆ 33 ದಿನ, ಅದರ ಮೇಲೆ 8 ಸಾರ್ವಜನಿಕ ರಜೆ.

ಮಿಸ್ಸಿಸ್ಸಾಗ ರಾಯ:

ಇಲ್ಲಿ ಹೊಸಬರಿಗೆ ಕಾನೂನಿನ ಕನಿಷ್ಠ 2 ವಾರ, ಐದು ವರ್ಷದ ನಂತರ 3. ಆಸ್ಪತ್ರೆಗಳಲ್ಲಿ ಯೂನಿಯನ್ ಇರುವುದರಿಂದ ನಿಮಗೆ ಇನ್ನಷ್ಟು ಸಿಗಬಹುದು, ಆದರೆ 33 ಮರೆತುಬಿಡಿ. ಲಂಡನ್ನಿನಿಂದ ಬೆಂಗಳೂರಿಗೆ ಹತ್ತು ತಾಸಿನ ನೇರ ವಿಮಾನವಿದೆ. ಟೊರಾಂಟೊದಿಂದ ನೇರ ವಿಮಾನವಿಲ್ಲ. ಹೋಗಿ ಬರುವುದರಲ್ಲೇ ನಾಲ್ಕು ದಿನ ಕಳೆದು, ಅತ್ತ ಇತ್ತ ನಿದ್ದೆ ಕೆಟ್ಟು, ಊರಿನಲ್ಲಿ ಎಷ್ಟು ದಿನ ಇದ್ದಂತಾಯಿತು?

ಚಾಮುಂಡಿ ಮೆಟ್ಟಿಲು:

ನಾನು ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ ಹೈಸ್ಕೂಲ್ ಶಿಕ್ಷಕಿ. ಕೆನಡಾಕ್ಕೆ ಹೋದವಳಲ್ಲ, ಹೋಗಿ ಬಂದ ಮಕ್ಕಳಿಗೆ ಪಾಠ ಮಾಡಿದವಳು.

ಅಕ್ಕ, ಮಗಳು ಅಕ್ಟೋಬರ್‌ನಲ್ಲಿ ಹುಟ್ಟಿದ್ದು ಎನ್ನುವುದನ್ನು ಗಮನಿಸಿ. ಇಂಗ್ಲೆಂಡಿನಲ್ಲಿ ತರಗತಿಯ ಲೆಕ್ಕ ಸೆಪ್ಟೆಂಬರ್‌ನಿಂದ, ಆಂಟಾರಿಯೋದಲ್ಲಿ ಜನವರಿಯಿಂದ. ಆದ್ದರಿಂದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದ ಮಕ್ಕಳು ಅಲ್ಲಿ ಒಂದು ತರಗತಿ ಮುಂದೆ ಜಿಗಿಯುತ್ತಾರೆ. ಇಲ್ಲಿನ ಒಂಬತ್ತನೆಯ ವರ್ಷ ಅಲ್ಲಿನ ಎಂಟನೆಯ ಗ್ರೇಡಿಗೆ ಸಮ, ಆದರೆ ನಿಮ್ಮ ಮಗಳು ಇಲ್ಲಿ ಒಂಬತ್ತನೆಯ ವರ್ಷ ಮುಗಿಸಿದವಳು ಅಲ್ಲಿ ನೇರವಾಗಿ ಹತ್ತನೆಯ ಗ್ರೇಡಿಗೆ ಕೂರುತ್ತಾಳೆ. ಅಲ್ಲಿನ ಪ್ರೌಢಶಾಲೆ ಒಂಬತ್ತಕ್ಕೇ ಶುರುವಾಗಿ, ಗೆಳತಿಯರ ಗುಂಪುಗಳೆಲ್ಲ ಆ ಹೊತ್ತಿಗೆ ಕಟ್ಟಿ ಮುಗಿದಿರುತ್ತವೆ. ಒಂಬತ್ತನೆಯ ಗ್ರೇಡಿನವರೆಗೆ ಫ್ರೆಂಚ್ ಕಡ್ಡಾಯವಾಗಿ ಓದಿದ ಮಕ್ಕಳ ನಡುವೆ ಇವಳು. ಬುದ್ಧಿವಂತ ಮಕ್ಕಳಿಗೆ ಪಾಠ ಕಷ್ಟವಾಗುವುದಿಲ್ಲ. ಊಟದ ಬಿಡುವಿನಲ್ಲಿ ಯಾರ ಪಕ್ಕ ಕೂರುವುದು ಎನ್ನುವುದು ಕಷ್ಟವಾಗುತ್ತದೆ. ಮಗನ ವಯಸ್ಸಿಗೆ ಏನೂ ತೊಂದರೆಯಿಲ್ಲ, ಅವನನ್ನು ಲೆಕ್ಕದಿಂದ ಬಿಡಿ.

ಇನ್ನೊಂದು. ಅವಳು ಹದಿನೆಂಟಕ್ಕೆ, "ನಾನು ಇಂಗ್ಲೆಂಡಿಗೇ ಹೋಗಿ ಓದುತ್ತೇನೆ" ಎಂದರೆ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಇಲ್ಲಿನವರ ಶುಲ್ಕ ಸಿಗುವುದಿಲ್ಲ. ಸಾಮಾನ್ಯವಾಗಿ ಕೋರ್ಸಿಗೆ ಮೊದಲಿನ ಮೂರು ವರ್ಷ ಇಲ್ಲಿ ವಾಸವಿರಬೇಕು. ಇಲ್ಲಿನವರು ಕಟ್ಟುವ ಶುಲ್ಕದ (2025-26ರಲ್ಲಿ ವರ್ಷಕ್ಕೆ 9,535 ಪೌಂಡ್ ಇತ್ತು) ಬದಲು ವಿದೇಶಿ ವಿದ್ಯಾರ್ಥಿಯ ದರ ಕಟ್ಟಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಯಜಮಾನರ ವಿಷಯ. ಕಾಯಂ ವಾಸದ ಪರವಾನಗಿ ಎರಡು ವರ್ಷ ಸತತವಾಗಿ ಹೊರಗಿದ್ದರೆ ರದ್ದಾಗುತ್ತದೆ. ಕೆನಡಾ ಹಿಡಿಸದೆ ಮೂರನೆಯ ವರ್ಷ ವಾಪಸು ಬಂದರೆ ನೀವು ಮೂವರು ಒಂದು ಸಾಲಿನಲ್ಲಿ, ಅವರು ವೀಸಾ ಹುಡುಕಿಕೊಂಡು ಇನ್ನೊಂದು ಸಾಲಿನಲ್ಲಿ. ಹೋಗಲಿ, ಬಿಡಲಿ, ಮೊದಲು ಅವರಿಗೆ ಪೌರತ್ವ ಮಾಡಿಸಿ. ತೋಟದ ಭಯಕ್ಕೆ ಆಧಾರವಿಲ್ಲ. ಒ.ಸಿ.ಐ. (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದವರು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ, ಆದರೆ ಹಿರಿಯರಿಂದ ಪಾಲಿಗೆ ಬಂದದ್ದನ್ನು ಇಟ್ಟುಕೊಳ್ಳಬಹುದು.

ಕ್ಯಾಲ್ಗರಿ ಕಾಫಿ:

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಲ್ಲ! ನಾನೂ ನರ್ಸ್, ಬರ್ಮಿಂಗ್‌ಹ್ಯಾಮ್‌ನಿಂದ ಬಂದವಳು, ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ನರ್ಸ್ ನೋಂದಣಿಗೆ ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯಬೇಕು, ಅನುಭವವಿದ್ದವರಿಗೆ ಅದೇನೂ ಬೆಟ್ಟವಲ್ಲ. ಆರೋಗ್ಯ ಕ್ಷೇತ್ರದವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರತ್ಯೇಕ ಸುತ್ತುಗಳಿವೆ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ವಲಸೆಯ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿದ ಮೇಲೂ ನರ್ಸುಗಳನ್ನು ಕರೆಯುವುದು ನಿಂತಿಲ್ಲ. ಬ್ರಾಂಪ್ಟನ್ ಬಿಟ್ಟು ಈ ಕಡೆ ನೋಡಿ. ಕ್ಯಾಲ್ಗರಿ ಹೆಚ್ಚುಕಡಿಮೆ ಲಂಡನ್ನಿನ ಅಕ್ಷಾಂಶದಲ್ಲೇ ಇದೆ, ಆದರೆ ಚಳಿಗಾಲದಲ್ಲಿ ಮೈನಸ್ 25 ಇದ್ದರೂ ಆಕಾಶ ನೀಲಿ. ಇಲ್ಲಿ ಪ್ರಾಂತ್ಯದ ಮಾರಾಟ ತೆರಿಗೆಯೂ ಇಲ್ಲ.

ಒಂದೇ ಒಂದು ಕೊರತೆ. ಊರಿಗೆ ಫೋನ್ ಮಾಡುವುದು. ಹೆಚ್ಚುಕಡಿಮೆ ಹನ್ನೆರಡು ತಾಸಿನ ವ್ಯತ್ಯಾಸ, ನಮ್ಮ ಬೆಳಗು ಅವರ ರಾತ್ರಿ.

ಅಂದ ಹಾಗೆ, ಇಷ್ಟೆಲ್ಲ ಲೆಕ್ಕ ಹಾಕಿದ್ದೀರಿ, ಅಮ್ಮನನ್ನು ಕೇಳಿದ್ದೀರಾ?

ತುಂಗಾತೀರ:

ಕೇಳಿರಲಿಲ್ಲ. ನಾಚಿಕೆಯಾಯಿತು.

ನೈಟ್ ಡ್ಯೂಟಿ ಮುಗಿಸಿ ಏಳೂವರೆಯ ಬಸ್ಸಿನಲ್ಲಿ ಕುಳಿತಾಗ ಊರಿನಲ್ಲಿ ಅಮ್ಮನ ಊಟದ ಹೊತ್ತು. ಹನ್ನೊಂದು ವರ್ಷದಿಂದ ನಾವು ಮಾತನಾಡುವುದು ಅದೇ ಹೊತ್ತಿನಲ್ಲಿ. ಅವಳು ತಟ್ಟೆಗೆ ಮಜ್ಜಿಗೆ ಹಾಕಿಕೊಳ್ಳುವ ಸದ್ದು ಕೇಳಿಸುತ್ತದೆ. ಆಂಟಾರಿಯೋದಲ್ಲಿ ಅದೇ ಏಳೂವರೆ ಅಮ್ಮನಿಗೆ ಸಂಜೆ ಆರು ಗಂಟೆ ಎಂದು ಲೆಕ್ಕ ಹಾಕುತ್ತಲೇ ಕೇಳಿದೆ: "ಅಮ್ಮಾ, ನಾವು ಕೆನಡಾಕ್ಕೆ ಹೋದರೆ ನೀನು ಬಂದು ಐದು ವರ್ಷ ನಮ್ಮ ಜೊತೆಗೇ ಇರಬಹುದು."

"ಐದು ವರ್ಷವೇ? ತೋಟ?"

ಚೇಣಿಗೆ ಕೊಡಬಹುದಲ್ಲ ಎಂದೆ. ಅದನ್ನು ಹೇಳಬಾರದಿತ್ತು. ಆ ವರ್ಷ ಚೇಣಿ ಹಿಡಿದವನು ಎಳೆಯ ಅಡಿಕೆ ಗೊನೆಗಳನ್ನೂ ಬಿಡದೆ ಇಳಿಸಿದ್ದು, ಕಾಲುವೆ ಕೂಡ ಕೆರೆಸದೆ ಹೋದದ್ದು, ಎಲ್ಲವನ್ನೂ ಹೊಸದಾಗಿ ಕೇಳಿಸಿಕೊಂಡೆ. ಕೊನೆಗೆ ಅವಳೇ ಹೇಳಿದಳು: "ಕೊಯ್ಲು ಮುಗಿದ ಮೇಲೆ, ಶಿವರಾತ್ರಿ ಕಳೆದು ಬರುತ್ತೇನೆ. ಮಳೆ ಹಿಡಿಯುವ ಮೊದಲು ಔಷಧಿ ಹೊಡೆಸುವುದಕ್ಕೆ ವಾಪಸು ಬಂದಿರಬೇಕು. ವರ್ಷವೂ ಬರುತ್ತೇನೆ ಬೇಕಾದರೆ. ಆದರೆ ನಡುವೆ ಒಂದೇ ವಿಮಾನವಿರಬೇಕು, ಇಳಿದು ಹತ್ತುವುದು ನನ್ನಿಂದಾಗದು."

ಶಿವರಾತ್ರಿಯಿಂದ ಮಳೆಗಾಲಕ್ಕೆ ಮೂರು ತಿಂಗಳು. ಅದಕ್ಕೆ ಇಲ್ಲಿನ ಆರು ತಿಂಗಳ ವೀಸಾವೇ ಹೆಚ್ಚಾಯಿತು. ನಾನು ಯಾವುದಕ್ಕೆಂದು ಸಮುದ್ರ ದಾಟಲು ಹೊರಟಿದ್ದೆನೋ ಅದನ್ನು ಅಮ್ಮ ಊಟ ಮುಗಿಸುವಷ್ಟರಲ್ಲಿ ತೆಗೆದುಹಾಕಿದಳು.

ಕ್ಯಾಲ್ಗರಿಯವರೇ, ನಿಮ್ಮ ಮಾತು ತಳ್ಳಿಹಾಕುತ್ತಿಲ್ಲ. ಎನ್‌ಕ್ಲೆಕ್ಸ್ ಪುಸ್ತಕ ತರಿಸಿದ್ದೆ, ಅದು ಅಲಮಾರಿಯಲ್ಲಿ ಇರಲಿ. ಮಗಳ ಜಿ.ಸಿ.ಎಸ್.ಇ. (ಇಲ್ಲಿ ಹದಿನಾರಕ್ಕೆ ಬರೆಯುವ ಶಾಲಾ ಪರೀಕ್ಷೆ) ಮುಗಿಯುವುದು 2028ರಲ್ಲಿ, ಆಗ ನನಗೆ 42, ಅಂಕ ಅರ್ಧವಾಗಿರುತ್ತದೆ. ಆಗ ಬಾಗಿಲು ಮುಚ್ಚಿದ್ದರೆ ಮುಚ್ಚಲಿ ಎನ್ನುವಷ್ಟು ಧೈರ್ಯ ನನಗೆ ಬಂದಿದೆ, ನಮ್ಮವರಿಗೆ ಇನ್ನೂ ಬಂದಿಲ್ಲ. ಒ.ಸಿ.ಐ. ವಿಷಯ ಓದಿ ಹೇಳಿದ ಮೇಲೆ ಪೌರತ್ವದ ಅರ್ಜಿಯನ್ನಂತೂ ತೆರೆದಿದ್ದಾರೆ. ಯಾವ ವರ್ಷ ಯಾವ ತಾರೀಕಿಗೆ ಊರಿಗೆ ಹೋಗಿ ಬಂದದ್ದು ಎಂದು ಹಳೆಯ ಪಾಸ್‌ಪೋರ್ಟಿನ ಮುದ್ರೆಗಳನ್ನು ಟಾರ್ಚ್ ಹಾಕಿ ನೋಡುತ್ತಿದ್ದಾರೆ.

ಬೇಸ್‌ಮೆಂಟನ್ನು ಬಾಡಿಗೆಗೆ ಕೊಟ್ಟುಬಿಡಿ ಎಂದು ಭಾವನವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಭಾನುವಾರ ಫೋನ್ ಬರುತ್ತದೆ.