ಇರುವ ಹಣಕ್ಕೆ ಮೊದಲು ಬದುವೋ, ಹೊಂಡವೋ, ಬೀಜವೋ?

ಪ್ರಶ್ನೆ:
ಶಿರಾ ತಾಲ್ಲೂಕಿನ ನಮ್ಮ ರೈತ ಸಂಘದಲ್ಲಿ ಬಹುತೇಕರದು ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಹೊಲ. ಬೆಳೆ ರಾಗಿ, ಕಡಲೆಕಾಯಿ, ತೊಗರಿ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರಲ್ಲಿ ರಾಗಿ ಬೆಳೆಯುವ ಮನೆಗಳೇ ಊಟಕ್ಕೆ ರಾಗಿ ಕೊಂಡು ತಂದವು. ಈಗ ಸಂಘದಲ್ಲಿ ಸ್ವಲ್ಪ ಹಣ ಕೂಡಿದ್ದು, ಮಳೆಯ ಏರುಪೇರನ್ನು ತಾಳುವ ಬೇಸಾಯಕ್ಕೆ ಅದನ್ನು ತೊಡಗಿಸಲು ಎಲ್ಲರೂ ಒಪ್ಪಿದ್ದಾರೆ. ಆದರೆ ಕೃಷಿ ಹೊಂಡ, ಬದು, ಬೀಜ, ಹನಿ ನೀರಾವರಿ, ಇವುಗಳಲ್ಲಿ ಯಾವುದು ಮೊದಲು ಎಂಬಲ್ಲಿಗೆ ಬಂದಾಗಲೆಲ್ಲ ಸಭೆ ಮುರಿಯುತ್ತಿದೆ.

ಉತ್ತರ 1:
ಹೊಂಡದ ಲೆಕ್ಕವನ್ನು ಮೊದಲು ಮಾಡಿ ನೋಡಿ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ತುಂಬಿದರೆ ಸಿಗುವುದು ಸುಮಾರು 2.5 ಲಕ್ಷ ಲೀಟರ್, ಅಂದರೆ ಎರಡು ಎಕರೆಗೆ 30 ಮಿ.ಮೀ. ಮಳೆಯಷ್ಟು ನೀರು. ಕಡಲೆಕಾಯಿಯ ಊಡು, ಅಂದರೆ ಕಾಯಿ ಕಟ್ಟುವ ಎಳೆ, ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಒಂದು ನೀರು ಬೆಳೆಯನ್ನು ಉಳಿಸುತ್ತದೆ. ಅದನ್ನೇ ನಂಬಿ ಅಡಿಕೆ ಸಸಿ ನೆಟ್ಟವರನ್ನೂ ಕಂಡಿದ್ದೇನೆ, ಅವರ ಪಾಡು ಬೇಡ. ನನ್ನ ಹೊಂಡದಲ್ಲಿ ನೀರು ಇಂಗದಂತೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎರಡನೆಯ ವರ್ಷವೇ ಇಲಿ ಕಡಿದು, ತುಂಬಿದ ನೀರು ವಾರದೊಳಗೆ ಇಂಗಿಹೋಯಿತು. ಹೊಂಡಕ್ಕೆ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಸಹಾಯಧನದ ದಾರಿಯಿರುವಾಗ, ಸಂಘದ ಹಣವನ್ನೂ ಅಲ್ಲಿಗೇ ಸುರಿಯಬೇಕೇ?

ಉತ್ತರ 2:
ನನ್ನ ಮತ ಬೀಜಕ್ಕೆ. ಜುಲೈನಲ್ಲಿ ಬಿತ್ತನೆಗೆ ಹದ ಸಿಕ್ಕರೆ 120 ದಿನ ಮೀರುವ ಎಂಆರ್-6 ರಾಗಿ ಸರಿ; ಹದ ಆಗಸ್ಟ್ ಕೊನೆಗೆ ಜಾರಿದರೆ ನೂರು ದಿನದೊಳಗೆ ಬರುವ ಜಿಪಿಯು-48 ಬೇಕು. ಆದರೆ ಬಿತ್ತನೆ ತಡವಾದ ವರ್ಷವೇ ಅಂಗಡಿಯಲ್ಲಿ ಅಲ್ಪಾವಧಿ ಬೀಜ ಸಿಗುವುದಿಲ್ಲ. ಎರಡೂ ಬಗೆಯ ಬೀಜವನ್ನು ಸಂಘವೇ ಒಣಗಿಸಿ ಕಾಪಿಟ್ಟು, ಜೊತೆಗೆ ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಕೊಟ್ಟರೆ, ರಾಗಿ ಸೊರಗಿದರೂ ಮನೆಗೆ ಕಾಳು ಬರುತ್ತದೆ. ಹನಿ ನೀರಾವರಿ ಕೊಳವೆಬಾವಿ ಇರುವವರ ಮಾತು, ಸದ್ಯಕ್ಕೆ ಬಿಡಿ.

ಪ್ರಶ್ನೆ ಕೇಳಿದವರು:
ಬೀಜಕ್ಕೆ ಬೇಕಾಗುವ ಹಣ ಅಷ್ಟೇನೂ ದೊಡ್ಡದಲ್ಲ. ಮಿಕ್ಕದ್ದನ್ನು ಬದುವಿಗೆ ಹಾಕುವುದಾದರೆ, ಯಾರ ಹೊಲದಿಂದ ಶುರು ಮಾಡಬೇಕು?

ಉತ್ತರ 1:
ದಿಣ್ಣೆಯ ಮೇಲಿನ ಹೊಲದಿಂದ, ಅದು ಸಂಘದಲ್ಲಿ ಮಾತೇ ಆಡದ ಬಡವನದ್ದಾದರೂ ಸರಿ. ಮೇಲೆ ನೀರು ತಡೆಯದೆ ಕೆಳಗೆ ಬದು ಹಾಕಿದರೆ ಮೊದಲ ಜೋರುಮಳೆಗೇ ಒಡೆದು, ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತದೆ.