ಕಷ್ಟಾನೇ ಪಡದೇ ಇರೋರು ಕಾದಂಬರಿ ಬರೀಬಹುದಾ?

ಅರ್ಧಂಬರ್ಧ:
ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಕಾದಂಬರಿ ಬರೀತಿದೀನಿ, ಅಂದ್ರೆ ನಲವತ್ತು ಪೇಜ್ ಬರೆಯೋದು ಅಳಿಸೋದು, ಇದೇ ಆಗಿದೆ. ಹೋದ ತಿಂಗಳು ಭೈರಪ್ಪನವರ ಗೃಹಭಂಗ ಮುಗಿಸಿ ಅದರ ಬೆನ್ನಿಗೇ ಅವರ ಆತ್ಮಕಥೆ ಭಿತ್ತಿ ಓದ್ದೆ, ಅಲ್ಲಿಗೆ ಕೈಕಾಲೇ ತಣ್ಣಗಾಯ್ತು. ಚಿಕ್ಕ ವಯಸ್ಸಲ್ಲೇ ಪ್ಲೇಗಲ್ಲಿ ಮನೆಯವರು ಹೋದ್ರು, ಮುಂಬೈ ರೈಲ್ವೆ ಸ್ಟೇಷನ್ನಲ್ಲಿ ಕೂಲಿ ಮಾಡಿದ್ರು, ಊರೂರು ಅಲೆದ್ರು, ಅಷ್ಟೆಲ್ಲ ಆದ್ಮೇಲೂ ಎಂಎ ಗೋಲ್ಡ್ ಮೆಡಲ್. ನಂದೇನು? ಹಾಸನದಲ್ಲಿ ಓದು, ಬೆಂಗಳೂರಲ್ಲಿ ಕೆಲಸ, ಪಿಜಿ, ಇಎಂಐ (ಅಪ್ಪ ಸರ್ಕಾರಿ ಬಸ್ ಕಂಡಕ್ಟರ್ ಆಗಿದ್ರು, ಈಗ ರಿಟೈರ್ಡು). ಬರೆಯೋಕೆ ಬಂಡವಾಳನೇ ಇಲ್ಲ ಅನ್ಸುತ್ತೆ. ನೀವೇನಂತೀರಿ?

ಹಳೇಪುಸ್ತಕ:
ಮೊದ್ಲು ಲೆಕ್ಕ ನೋಡಿ. ಭೈರಪ್ಪ ಹುಟ್ಟಿದ್ದು 1931, ಗೃಹಭಂಗ ಬಂದಿದ್ದು 1970, ಅಷ್ಟೊತ್ತಿಗೆ ವಂಶವೃಕ್ಷ (1965) ಬಂದು ಹೆಸರಾಗಿತ್ತು. ಗೃಹಭಂಗದ ನಾಯಕಿ ನಂಜಮ್ಮನಲ್ಲಿ ಇರೋದು ಅವರಮ್ಮನೇ. ಅಂದ್ರೆ ಅಮ್ಮನ ಕಥೆಗೆ ಕೈ ಹಾಕೋಕೆ ಅವರಿಗೇ ನಲವತ್ತು ಹತ್ರ ಬರಬೇಕಾಯ್ತು. ಕಷ್ಟಪಟ್ಟ ಮಾರನೇ ದಿನವೇ ಕೂತು ಬರೆದಿದ್ರೆ ಅದು ಬರೀ ಗೋಳಾಗ್ತಿತ್ತು ಅಂತ ನನ್ನ ಅನಿಸಿಕೆ. ಇನ್ನೊಂದು, ಆ ಪುಸ್ತಕದಲ್ಲಿ ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಸಾವುಗಳಲ್ಲ, ಗಂಡನ ಶಾನುಭೋಗಿಕೆ ಲೆಕ್ಕಾನ ನಂಜಮ್ಮ ಕೂತು ಬರೆಯೋದು, ಮುತ್ತುಗದೆಲೆ ಹಚ್ಚಿ ನಾಲ್ಕು ಕಾಸು ನೋಡೋದು. ಸಾವು ಎಲ್ಲರ ಮನೇಲೂ ಆಗತ್ತೆ ಮಾರಾಯ್ರೆ, ಎಲೆ ಹಚ್ಚೋದನ್ನ ನೋಡ್ಕೊಂಡು ನೆನಪಿಟ್ಟವರು ಎಷ್ಟು ಜನ?

ತುಂಗೆ_ತೀರ:
ಎಂ.ಕೆ. ಇಂದಿರಾ ಅವರನ್ನ ಮರೀಬೇಡಿ. ತೀರ್ಥಹಳ್ಳಿ ಕಡೆಯವರು, ಸ್ಕೂಲಿಗೆ ಹೋಗಿದ್ದು ಕೆಲವೇ ವರ್ಷ, ಚಿಕ್ಕ ವಯಸ್ಸಲ್ಲೇ ಮದುವೆ. ಮೊದಲ ಕಾದಂಬರಿ ತುಂಗಭದ್ರಾ ಬಂದಿದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ್ಮೇಲೆ. ಇನ್ನು ಫಣಿಯಮ್ಮ ಇದೆಯಲ್ಲ, ಅದು ಅವರು ಅನುಭವಿಸಿದ್ದೇ ಅಲ್ಲ, ಬಾಲವಿಧವೆಯಾಗಿದ್ದ ಮನೆಯ ಹಿರಿಯಜ್ಜಿಯ ಬದುಕು, ಅಡುಗೆಮನೆ ಮಾತಲ್ಲಿ ಕಿವಿಗೆ ಬಿದ್ದಿದ್ದು. ಮನೇಲಿ ದೊಡ್ಡೋರು ಮಾತಾಡ್ವಾಗ ನಾವು ಮೊಬೈಲ್ ಹಿಡ್ಕೊಂಡು ಕೂತಿರ್ತೀವಿ, ಆಮೇಲೆ ಅನುಭವ ಇಲ್ಲ ಅಂತ ಬೇಜಾರು (ನಂಗೂ ಸೇರಿಸಿ ಹೇಳ್ತಿರೋದು).

ಮೂಡಿಗೆರೆ_ಮಳೆ:
ಅನುಭವ ಅಂದ್ರೆ ಕಷ್ಟಾನೇ ಅಂತ ಯಾರು ಹೇಳಿದ್ದು ಗುರು? ತೇಜಸ್ವಿ ಕುವೆಂಪು ಮಗ, ಎಂಎ ಮಾಡಿದ್ರು, ಮೈಸೂರಲ್ಲಿ ಮೇಷ್ಟ್ರಾಗಿ ಆರಾಮಾಗಿ ಇರಬಹುದಿತ್ತು. ಬಂದು ಮೂಡಿಗೆರೇಲಿ ಕಾಫಿ ತೋಟ ಮಾಡಿದ್ರು. ಕರ್ವಾಲೋ (1980) ತೆಗೆದು ನೋಡಿ, ಜೇನು ಕೀಳೋ ಮಂದಣ್ಣ, ಹಾರೋ ಓತಿ, ತೋಟದ ರಗಳೆ. ನಮ್ಮೂರಲ್ಲಿ ಅಂಥ ಮಂದಣ್ಣಂದಿರು ಬೇಲಿಗೊಬ್ರು ಇದ್ರು, ನಾವು ದಿನಾ ನೋಡಿ ಬರೀ ಪೋಲಿ ಬಿದ್ದೋನು ಅಂತ ಬೈದು ಸುಮ್ನಾದ್ವಿ ಅಷ್ಟೆ.

ಹಳೇಪುಸ್ತಕ:
ಒಪ್ಪಿದೆ, ಆದ್ರೆ ಅವರಿಗೆ ತೋಟ ಮಾಡೋ ಅನುಕೂಲ ಇತ್ತು ಅನ್ನೋದೂ ನಿಜ. ಇಎಂಐ ಕಟ್ಟೋನಿಗೆ ಕೆಲಸ ಬಿಡು ಅನ್ನೋಕಾಗಲ್ಲ.

ಸೀಟಿ_ಸಿಳ್ಳೆ:
ಎಲ್ರೂ ದೊಡ್ಡೋರ ವಿಷಯ ಮಾತಾಡ್ತಿದೀರ, ಇವರು ಅಪ್ಪ ಕಂಡಕ್ಟರ್ ಅನ್ನೋದನ್ನ ಬ್ರಾಕೆಟ್ಟೊಳಗೆ ತುರುಕಿದಾರೆ ಯಾರೂ ನೋಡ್ಲಿಲ್ವಾ? ನಮ್ಮ ಮಾವನೂ ಕಂಡಕ್ಟ್ರೇ. ಡ್ಯೂಟಿ ಮುಗಿಸಿ ಬಂದ್ರೆ ಅಂಗೈ ತುಂಬಾ ನಾಣ್ಯದ ಕಪ್ಪು, ಸೋಪು ಹಾಕಿ ತಿಕ್ಕಿದ್ರೂ ಹೋಗ್ತಿರ್ಲಿಲ್ಲ, ಅದೇ ಕೈಯಲ್ಲಿ ನಮಗೆ ಕಡ್ಲೆಮಿಠಾಯಿ ಕೊಡೋರು. ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೇನ ಮರೆತು ಇಳಿದು ಹೋದೋರ ದುಡ್ಡು ಒಂದ್ಕಡೆ, ಲೆಕ್ಕದಲ್ಲಿ ಕಮ್ಮಿ ಬಿದ್ದು ಕೈಯಿಂದ ಕಟ್ಟಿದ್ದು ಇನ್ನೊಂದ್ಕಡೆ. ಹಳ್ಳೀಲಿ ನೈಟ್ ಹಾಲ್ಟ್ ಆದಾಗ ಡ್ರೈವರೂ ಇವರೂ ಬಸ್ಸಲ್ಲೇ ಮಲಗ್ತಿದ್ರಂತೆ, ಆಗ ಏನ್ ಮಾತಾಡ್ಕೊತಿದ್ರಿ ಅಂತ ನಾನು ಕೇಳ್ಲೇ ಇಲ್ಲ, ಮಾವ ಹೋಗಿಬಿಟ್ರು. ನಿಮ್ಮಪ್ಪ ಇದಾರಲ್ಲ, ಕೇಳಿ.

ಅರ್ಧಂಬರ್ಧ:
ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ನೈಟ್ ಹಾಲ್ಟ್ ಅಂದಿದ್ದಕ್ಕೆ "ಅದೆಲ್ಲ ಯಾಕೀಗ, ಊಟ ಆಯ್ತಾ" ಅಂದ್ರು. ಆಮೇಲೆ ಒಂದೂವರೆ ಗಂಟೆ ಫೋನ್ ಇಡ್ಲಿಲ್ಲ, ಹಿಂದಿಂದ ಅಮ್ಮ ಬೈತಿದ್ದಿದ್ದೂ ಕೇಳಿಸ್ತು. ಬಸ್ಸಲ್ಲಿ ಹೆರಿಗೆ ಆಗಿದ್ದು ಒಂದು ಹೇಳಿದ್ರು, ಮೂವತ್ತು ವರ್ಷದಲ್ಲಿ ನಂಗೆ ಗೊತ್ತೇ ಇರ್ಲಿಲ್ಲ. ಒಂದು ಡೌಟು, ಊರು, ರೂಟು ನಿಜದ್ದೇ ಹಾಕ್ಲಾ, ಬದಲಾಯಿಸ್ಲಾ? ಆ ಮಗು ಈಗ ಅದೇ ಊರಲ್ಲಿ ಅಂಗಡಿ ಇಟ್ಕೊಂಡಿದೆಯಂತೆ.